ಡಿಸ್ಕ್ ಪ್ಲೇಯರ್‌ನ ಪದಗಳು: ಪೆಟ್ಟಿಗೆಯ ಹಿಂಬದಿಯನ್ನು ಓದಿ ತಿಳಿಯುವ ಬಗೆ

ಮದುವೆಯ ಡಿವಿಡಿ, ನಾಮಕರಣದ ಸಿಡಿ, ವರ್ಷಗಳ ಹಿಂದೆ ಕೊಂಡ ಕನ್ನಡ ಚಿತ್ರಗಳ ವಿಸಿಡಿಗಳು ಇಂದಿಗೂ ಅನೇಕ ಮನೆಗಳ ಷೋಕೇಸಿನಲ್ಲಿ ಇವೆ. ಅವನ್ನು ಮತ್ತೆ ನೋಡೋಣವೆಂದು ಪ್ಲೇಯರ್‌ಗೆ ಹಾಕಿದಾಗ ಪರದೆಯ ಮೇಲೆ ‘ನೋ ಡಿಸ್ಕ್’ ಎಂದೋ ‘ರಾಂಗ್ ರೀಜನ್’ ಎಂದೋ ಬಂದರೆ, ಡಿಸ್ಕ್ ಹಾಳಾಗಿದೆ ಅಥವಾ ಪ್ಲೇಯರ್ ಕೆಟ್ಟಿದೆ ಎಂದು ತೀರ್ಮಾನಿಸಿ ಎರಡನ್ನೂ ಗುಜರಿಗೆ ಹಾಕುವವರಿದ್ದಾರೆ. ಎಷ್ಟೋ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಒಂದಕ್ಕೊಂದು ಹೊಂದಿರುವುದಿಲ್ಲ, ಅಷ್ಟೆ. ಹೊಂದುತ್ತವೆಯೇ ಎಂಬುದನ್ನು ತಿಳಿಸುವ ಪದಗಳು ಪೆಟ್ಟಿಗೆಯ ಹಿಂಬದಿಯಲ್ಲಿ, ಪ್ಲೇಯರ್‌ನ ಮುಖದ ಮೇಲೆ ಮತ್ತು ಅದರ ಸೆಟಪ್ ಮೆನುವಿನಲ್ಲಿ ಇದ್ದೇ ಇರುತ್ತವೆ. ಆ ಪದಗಳ ಅರ್ಥ ಗೊತ್ತಿದ್ದರೆ ರಿಪೇರಿ ಅಂಗಡಿಗೆ ಹೋಗಬೇಕಾದ ಸಂದರ್ಭಗಳು ಬಹಳ ಕಡಿಮೆಯಾಗುತ್ತವೆ. ಆದ್ದರಿಂದ ಒಂದು ಡಿಸ್ಕಿನ ಪೆಟ್ಟಿಗೆಯನ್ನೂ ಪ್ಲೇಯರ್‌ನ ರಿಮೋಟನ್ನೂ ಕೈಯಲ್ಲಿ ಹಿಡಿದುಕೊಂಡೇ ಮುಂದಿನದನ್ನು ಓದುವುದು ಒಳ್ಳೆಯದು.

ಮೊದಲು ಡಿಸ್ಕಿನ ಜಾತಿ

ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ನೋಟಕ್ಕೆ ಒಂದೇ. ಮೂರಕ್ಕೂ 12 ಸೆಂಟಿಮೀಟರ್ ವ್ಯಾಸ, ಸುಮಾರು 1.2 ಮಿಲಿಮೀಟರ್ ದಪ್ಪ. ವ್ಯತ್ಯಾಸವಿರುವುದು ಅವನ್ನು ಓದುವ ಲೇಸರ್ ಬೆಳಕಿನಲ್ಲಿ. ಸಿಡಿಯನ್ನು 780 ನ್ಯಾನೋಮೀಟರಿನ ಅವಗೆಂಪು ಬೆಳಕು ಓದಿದರೆ, ಡಿವಿಡಿಯನ್ನು 650 ನ್ಯಾನೋಮೀಟರಿನ ಕೆಂಪು ಬೆಳಕು, ಬ್ಲೂ-ರೇಯನ್ನು 405 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕು ಓದುತ್ತದೆ. ತರಂಗ ಚಿಕ್ಕದಾದಷ್ಟೂ ಮಾಹಿತಿಯ ಸುರುಳಿ ಗೆರೆಗಳನ್ನು ಒತ್ತೊತ್ತಾಗಿ ಬರೆಯಬಹುದು. ಹಾಗಾಗಿಯೇ ಅದೇ ಗಾತ್ರದ ಬಿಲ್ಲೆಯಲ್ಲಿ ಸಿಡಿ 700 ಮೆಗಾಬೈಟ್, ಡಿವಿಡಿ 4.7 ಗಿಗಾಬೈಟ್, ಬ್ಲೂ-ರೇ 25 ಗಿಗಾಬೈಟ್ ಹಿಡಿಸಿಕೊಳ್ಳುತ್ತವೆ. ಡಿವಿಡಿ ಪ್ಲೇಯರ್‌ಗೆ ಬ್ಲೂ-ರೇ ಡಿಸ್ಕ್ ಹಾಕಿದಾಗ ‘ನೋ ಡಿಸ್ಕ್’ ಎಂದು ಬರುವುದಕ್ಕೆ ಕಾರಣ ಇದೇ: ಅದನ್ನು ಓದಬಲ್ಲ ಬೆಳಕು ಆ ಯಂತ್ರದಲ್ಲಿ ಇರುವುದಿಲ್ಲ. ಇದಕ್ಕೆ ಯಾವ ಸೆಟ್ಟಿಂಗೂ ಪರಿಹಾರವಲ್ಲ. ಬ್ಲೂ-ರೇ ಪ್ಲೇಯರ್‌ಗಳಾದರೋ ಡಿವಿಡಿಯನ್ನೂ ಓದುತ್ತವೆ. ಆದರೆ ವಿಸಿಡಿಯನ್ನು ಎಲ್ಲ ಬ್ಲೂ-ರೇ ಪ್ಲೇಯರ್‌ಗಳೂ ಓದುವುದಿಲ್ಲ. ಹಳೆಯ ಕನ್ನಡ ಚಿತ್ರಗಳ ವಿಸಿಡಿ ಸಂಗ್ರಹವಿರುವವರು ಹೊಸ ಯಂತ್ರ ಕೊಳ್ಳುವ ಮುನ್ನ ಅದರ ಮುಖದ ಮೇಲೋ ಕೈಪಿಡಿಯಲ್ಲೋ ವಿಸಿಡಿಯ ಹೆಸರು ಇದೆಯೇ ಎಂದು ನೋಡಲೇಬೇಕು.

ವಿಸಿಡಿ ಎಂದರೆ ಮಾಮೂಲಿ ಸಿಡಿಯ ಮೇಲೆ ಎಂಪೆಗ್-1 ವಿಧಾನದಲ್ಲಿ ಕುಗ್ಗಿಸಿ ಬರೆದ ಚಿತ್ರ. 1993ರಲ್ಲಿ ರೂಪುಗೊಂಡ ಈ ಮಾನದಂಡದಲ್ಲಿ ನಮ್ಮ ದೇಶದ ಪದ್ಧತಿಯ ಚಿತ್ರದ ಅಳತೆ 352×288 ಬಿಂದುಗಳು ಮಾತ್ರ. ಒಂದು ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 74ರಿಂದ 80 ನಿಮಿಷ; ಎರಡೂವರೆ ಗಂಟೆಯ ಸಿನಿಮಾ ಎರಡು ಅಥವಾ ಮೂರು ಡಿಸ್ಕುಗಳಲ್ಲಿ ಬರುತ್ತಿದ್ದುದು ಇದರಿಂದಲೇ.

ಡಿವಿಡಿ 1996ರ ನವೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಇದು ಎಂಪೆಗ್-2 ವಿಧಾನವನ್ನು ಬಳಸುತ್ತದೆ, ನಮ್ಮ ದೇಶದ ಪದ್ಧತಿಯಲ್ಲಿ ಚಿತ್ರದ ಅಳತೆ 720×576. ಪೆಟ್ಟಿಗೆಯ ಮೇಲೆ ‘ಡಿವಿಡಿ-5’ ಅಥವಾ ‘ಡಿವಿಡಿ-9’ ಎಂದಿದ್ದರೆ ಆ ಅಂಕೆ ಸಾಮರ್ಥ್ಯವನ್ನು ಸ್ಥೂಲವಾಗಿ ಸೂಚಿಸುತ್ತದೆ: ಮೊದಲನೆಯದು ಒಂದೇ ಪದರದ 4.7 ಗಿಗಾಬೈಟಿನ ಡಿಸ್ಕ್, ಎರಡನೆಯದು ಎರಡು ಪದರಗಳ 8.5 ಗಿಗಾಬೈಟಿನ ಡಿಸ್ಕ್. ಎರಡು ಪದರದ ಡಿಸ್ಕಿನಲ್ಲಿ ಸಿನಿಮಾದ ನಡುವೆ ಎಲ್ಲೋ ಒಂದು ಕಡೆ ಚಿತ್ರ ಕ್ಷಣಮಾತ್ರ ನಿಂತು ಮುಂದುವರಿಯಬಹುದು. ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಘಳಿಗೆ ಅದು, ದೋಷವಲ್ಲ.

ಇಲ್ಲಿಯೇ ‘ಬಿಟ್‌ರೇಟ್’ ಎಂಬ ಪದವನ್ನು ಅರ್ಥಮಾಡಿಕೊಳ್ಳಬೇಕು, ಏಕೆಂದರೆ ಚಿತ್ರದ ಗುಣಮಟ್ಟವನ್ನು ಬಿಂದುಗಳ ಲೆಕ್ಕಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಅದೇ. ಒಂದು ಸೆಕೆಂಡಿನ ಚಿತ್ರ ಮತ್ತು ಧ್ವನಿಗೆ ಎಷ್ಟು ಮಾಹಿತಿಯನ್ನು ಖರ್ಚು ಮಾಡಲಾಗಿದೆ ಎಂಬುದು ಬಿಟ್‌ರೇಟ್. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್ ವರೆಗೆ ಅವಕಾಶವಿದೆ. ಎರಡೂವರೆ ಗಂಟೆಯ ಒಂದೇ ಸಿನಿಮಾವನ್ನು ಡಿವಿಡಿ-9ರಲ್ಲಿ ತುಂಬಿಸಿದರೆ ಸರಾಸರಿ ಏಳೂವರೆ ಮೆಗಾಬಿಟ್ ಸಿಗುತ್ತದೆ. ಡಿವಿಡಿ-5ರಲ್ಲಾದರೆ ನಾಲ್ಕಕ್ಕೆ ಸ್ವಲ್ಪ ಹೆಚ್ಚು. ಈಗ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾದ, ಒಂದೇ ಡಿಸ್ಕಿನಲ್ಲಿ ಮೂರು ಚಿತ್ರಗಳಿರುವ ಡಿವಿಡಿಯನ್ನು ತೆಗೆದುಕೊಳ್ಳಿ. ಏಳೂವರೆ ಗಂಟೆಯ ಸಾಮಗ್ರಿಯನ್ನು ಒಂದೇ ಪದರದಲ್ಲಿ ತುರುಕಿದ್ದರೆ ಸೆಕೆಂಡಿಗೆ ಉಳಿಯುವುದು 1.4 ಮೆಗಾಬಿಟ್ ಮಾತ್ರ. ವಿಸಿಡಿಯ ಚಿತ್ರಕ್ಕೇ 1.15 ಮೆಗಾಬಿಟ್ ಮೀಸಲಿತ್ತು. ಹೆಸರಿಗೆ ಡಿವಿಡಿಯಾದರೂ ಓಡುವ ದೃಶ್ಯಗಳಲ್ಲಿ, ನೀರು ಮತ್ತು ಎಲೆಗಳ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆಯುವ ಚಿತ್ರಕ್ಕೆ ಪ್ಲೇಯರನ್ನಾಗಲಿ ಟಿವಿಯನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ. ಒಂದೇ ಚಿತ್ರವಿರುವ ಡಿಸ್ಕ್ ಸಿಗುವುದಾದರೆ ಸ್ವಲ್ಪ ಹೆಚ್ಚು ಬೆಲೆಯಾದರೂ ಅದನ್ನೇ ಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಲೂ-ರೇ 2006ರಲ್ಲಿ ಬಂದು ಚಿತ್ರದ ಅಳತೆಯನ್ನು 1920×1080ಕ್ಕೆ ಏರಿಸಿತು. ಅದರ ಜೊತೆ ಪೈಪೋಟಿಗಿಳಿದಿದ್ದ ಎಚ್‌ಡಿ ಡಿವಿಡಿ 2008ರ ಫೆಬ್ರವರಿಯಲ್ಲಿ ತೋಷಿಬಾ ಹಿಂದೆ ಸರಿದಾಗ ಕೊನೆಗೊಂಡಿತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಹೆಸರಿನ ಡಿಸ್ಕ್ ಕಂಡರೆ ಅದು ಬ್ಲೂ-ರೇ ಪ್ಲೇಯರ್‌ನಲ್ಲಿ ಓಡುವುದಿಲ್ಲ ಎಂಬುದು ನೆನಪಿರಲಿ. 2016ರಿಂದ ಬರುತ್ತಿರುವ ‘4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ’ 3840×2160 ಬಿಂದುಗಳದ್ದು. ಅದಕ್ಕೆ ಅದರದೇ ಪ್ಲೇಯರ್ ಬೇಕು. ಸಾಮಾನ್ಯ ಬ್ಲೂ-ರೇ ಪ್ಲೇಯರ್ ಅದನ್ನು ಓದಲಾರದು.

ಗೀರು, ಬೆರಳಚ್ಚು ಮತ್ತು ಮಾಹಿತಿ ಇರುವ ಜಾಗ

ಡಿಸ್ಕಿನ ಹೊಳೆಯುವ ಬದಿಯೇ ಮುಖ್ಯ, ಚಿತ್ರ ಮುದ್ರಿಸಿದ ಬದಿ ಬರೀ ಬೆನ್ನು ಎಂಬ ಭಾವನೆ ಸಿಡಿಯ ಮಟ್ಟಿಗೆ ತೀರ ತಪ್ಪು. ಸಿಡಿಯಲ್ಲಿ ಮಾಹಿತಿಯ ಪದರವಿರುವುದು ಲೇಬಲ್ಲಿನ ಬಣ್ಣದ ಕೆಳಗೇ, ತೆಳುವಾದ ಅರಗಿನ ಲೇಪದ ಮರೆಯಲ್ಲಿ. ಹೊಳೆಯುವ ಬದಿಯ ಗೀರು ಪ್ಲಾಸ್ಟಿಕ್ಕಿನ ಮೇಲಿನದಾದ್ದರಿಂದ ಅದನ್ನು ಅನೇಕ ಸಲ ಸರಿಪಡಿಸಬಹುದು. ಆದರೆ ಬಾಲ್‌ಪೆನ್ನಿನಿಂದ ಲೇಬಲ್ ಬದಿಯಲ್ಲಿ ಒತ್ತಿ ಹೆಸರು ಬರೆದರೆ ಮಾಹಿತಿಯೇ ಕಿತ್ತುಹೋಗುತ್ತದೆ. ಡಿವಿಡಿಯಲ್ಲಿ ಪದರ ಎರಡು ತೆಳು ಬಿಲ್ಲೆಗಳ ನಡುವೆ, ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ ಭದ್ರವಾಗಿದೆ. ಬ್ಲೂ-ರೇಯಲ್ಲಿ ಅದು ಓದುವ ಬದಿಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿದೆ. ಆದ್ದರಿಂದಲೇ ಆ ಬದಿಗೆ ಗಟ್ಟಿಯಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ.

ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರದಲ್ಲಿ ತಿರುವಬಾರದು. ಸುರುಳಿಯನ್ನು ಅಡ್ಡ ಹಾಯುವ ಗೀರಿನಿಂದ ಪ್ರತಿ ಸುತ್ತಿನಲ್ಲೂ ಒಂದಿಷ್ಟೇ ಮಾಹಿತಿ ಮರೆಯಾಗುತ್ತದೆ, ಅದನ್ನು ಪ್ಲೇಯರ್‌ನ ‘ಎರರ್ ಕರೆಕ್ಷನ್’ ವ್ಯವಸ್ಥೆ ತುಂಬಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೂ ಎದ್ದ ಗೀರು ಒಂದೇ ಕಡೆ ದೊಡ್ಡ ತುಣುಕನ್ನು ನುಂಗಿಬಿಡುತ್ತದೆ. ಓದುವಿಕೆ ಶುರುವಾಗುವುದು ನಡುವಿನ ರಂಧ್ರದ ಬಳಿಯಿಂದ. ಆದ್ದರಿಂದ ಒಂದು ಪದರದ ಡಿಸ್ಕಿನಲ್ಲಿ ಚಿತ್ರ ಕೊನೆಯ ಹೊತ್ತಿಗೆ ಸಿಕ್ಕಿಕೊಂಡರೆ ಹೊರ ಅಂಚನ್ನು ಪರೀಕ್ಷಿಸಬೇಕು. ಎರಡು ಪದರದ ಸಿನಿಮಾ ಡಿವಿಡಿಗಳಲ್ಲಿ ಮೊದಲ ಪದರ ಹೊರಕ್ಕೆ ಸಾಗಿ, ಎರಡನೆಯದು ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಅಲ್ಲಿ ಅಂಚಿನ ಬೆರಳಚ್ಚು ಕಾಟ ಕೊಡುವುದು ಸಿನಿಮಾದ ನಡುಭಾಗದಲ್ಲಿ, ಇಂಟರ್ವಲ್ಲಿನ ಆಸುಪಾಸಿನಲ್ಲಿ.

ರೀಜನ್ ಬೇರೆ, ಪಾಲ್–ಎನ್‌ಟಿಎಸ್‌ಸಿ ಬೇರೆ

ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಆಗುವಷ್ಟು ಗೊಂದಲ ಇನ್ನಾವುದರಿಂದಲೂ ಆಗುವುದಿಲ್ಲ. ರೀಜನ್ ಎಂಬುದು ವ್ಯಾಪಾರದ ಗಡಿ. ಚಿತ್ರ ನಿರ್ಮಾಣ ಸಂಸ್ಥೆಗಳು ಜಗತ್ತನ್ನು ಡಿವಿಡಿಯ ಮಟ್ಟಿಗೆ ಆರು ವಲಯಗಳಾಗಿ ಹಂಚಿಕೊಂಡವು: ಅಮೆರಿಕ ಮತ್ತು ಕೆನಡಾ 1ರಲ್ಲಿ, ಯುರೋಪಿನ ಬಹುಭಾಗ, ಜಪಾನ್ ಮತ್ತು ಪಶ್ಚಿಮ ಏಷ್ಯಾ 2ರಲ್ಲಿ, ಆಸ್ಟ್ರೇಲಿಯ 4ರಲ್ಲಿ, ಭಾರತ 5ರಲ್ಲಿ, ಚೀನಾ 6ರಲ್ಲಿ. ಪೆಟ್ಟಿಗೆಯ ಹಿಂಬದಿಯಲ್ಲಿ ಭೂಗೋಳದ ಚಿಕ್ಕ ಚಿತ್ರದೊಳಗೆ ಈ ಅಂಕೆ ಇರುತ್ತದೆ. ಬ್ಲೂ-ರೇಯಲ್ಲಿ ವಲಯಗಳು ಎ, ಬಿ, ಸಿ ಎಂದು ಮೂರೇ, ಭಾರತ ಇರುವುದು ಸಿ ವಲಯದಲ್ಲಿ. ವಿಸಿಡಿಗೂ 4ಕೆ ಡಿಸ್ಕಿಗೂ ರೀಜನ್ನಿನ ತಡೆ ಇಲ್ಲ. ‘ಆಲ್ ರೀಜನ್ಸ್’ ಅಥವಾ ‘0’ ಎಂದಿರುವ ಡಿಸ್ಕ್ ಎಲ್ಲ ಕಡೆಯೂ ಓಡುತ್ತದೆ. ಹೊರದೇಶದ ಕನ್ನಡಿಗರಿಗೂ ಮಾರಾಟವಾಗಲೆಂಬ ಉದ್ದೇಶದಿಂದ ಭಾರತೀಯ ಚಿತ್ರಗಳ ಅನೇಕ ಡಿವಿಡಿಗಳನ್ನು ಹೀಗೆಯೇ ಹೊರತಂದಿದ್ದಾರೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಲು ಐದು ಸಲ ಮಾತ್ರ ಅವಕಾಶ, ಆಮೇಲೆ ಕೊನೆಯ ಆಯ್ಕೆಯೇ ಕಾಯಂ. ಒಂದು ಡಿಸ್ಕ್ ನೋಡುವ ಆತುರಕ್ಕೆ ಅದನ್ನು ವ್ಯರ್ಥ ಮಾಡಬಾರದು.

ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬವು ಡಿಜಿಟಲ್‌ಗೆ ಮುಂಚಿನ ಟಿವಿ ಪ್ರಸಾರದ ಪದ್ಧತಿಗಳು. ಭಾರತದ ಪದ್ಧತಿ ಪಾಲ್: ಸೆಕೆಂಡಿಗೆ 25 ಚೌಕಟ್ಟುಗಳು, 576 ಗೆರೆಗಳು. ಅಮೆರಿಕ ಮತ್ತು ಜಪಾನಿನದು ಎನ್‌ಟಿಎಸ್‌ಸಿ: ಸೆಕೆಂಡಿಗೆ 30ಕ್ಕೆ ಕೊಂಚ ಕಡಿಮೆ ಚೌಕಟ್ಟುಗಳು, 480 ಗೆರೆಗಳು. ನಮ್ಮ ಪ್ಲೇಯರ್ ಮತ್ತು ಟಿವಿಗಳು ಸಾಮಾನ್ಯವಾಗಿ ಎರಡನ್ನೂ ಒಪ್ಪುತ್ತವೆ, ಅಮೆರಿಕದ ಡಿವಿಡಿ ಪ್ಲೇಯರ್‌ಗಳಲ್ಲಿ ಬಹಳಷ್ಟು ಒಪ್ಪುವುದಿಲ್ಲ. ಮೈಸೂರಿನಲ್ಲಿ ನಡೆದ ಮದುವೆಯ ಡಿವಿಡಿಯನ್ನು ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಕಳುಹಿಸಿದಾಗ ಅದು ಅವಳ ಟಿವಿಯಲ್ಲಿ ಬರದಿದ್ದರೆ ಕಾರಣ ಇಲ್ಲಿ ಹುಡುಕಬೇಕು. ಮದುವೆಯ ಡಿಸ್ಕಿಗೆ ರೀಜನ್ ತಡೆ ಇರುವುದಿಲ್ಲ; ಅದನ್ನು ಪಾಲ್‌ನಲ್ಲಿ ಚಿತ್ರೀಕರಿಸಿ ಪಾಲ್‌ನಲ್ಲೇ ಬರೆದಿರುತ್ತಾರೆ. ಕಂಪ್ಯೂಟರ್ ಎರಡೂ ಪದ್ಧತಿಗಳನ್ನು ತೊಂದರೆಯಿಲ್ಲದೆ ತೋರಿಸುತ್ತದೆ, ಆದ್ದರಿಂದ ಮಗಳು ಮೊದಲು ಅದರಲ್ಲಿ ಹಾಕಿ ನೋಡುವುದು ಸುಲಭದ ಪರಿಹಾರ. ವಿದೇಶಕ್ಕೆ ಪ್ರತಿ ಬೇಕೆಂದು ಮೊದಲೇ ಗೊತ್ತಿದ್ದರೆ ಸ್ಟುಡಿಯೋದವರಿಗೆ ‘ಎನ್‌ಟಿಎಸ್‌ಸಿಯಲ್ಲಿ ಒಂದು ಕಾಪಿ ಹಾಕಿಕೊಡಿ’ ಎಂದು ಕೇಳಬೇಕು.

ಸೆಟಪ್ ಮೆನುವಿನ ‘ಟಿವಿ ಸಿಸ್ಟಮ್’ ಅಥವಾ ‘ಟಿವಿ ಟೈಪ್’ ಎಂಬಲ್ಲಿ ಪಾಲ್, ಎನ್‌ಟಿಎಸ್‌ಸಿ, ಮಲ್ಟಿ ಅಥವಾ ಆಟೋ ಎಂಬ ಆಯ್ಕೆಗಳಿರುತ್ತವೆ. ಚಿತ್ರ ಕಪ್ಪುಬಿಳುಪಾಗಿ ಬರುವುದು, ಮೇಲಿಂದ ಕೆಳಕ್ಕೆ ಉರುಳುವುದು, ಇವು ಈ ಆಯ್ಕೆ ತಪ್ಪಾಗಿರುವುದರ ಲಕ್ಷಣಗಳು. ಆಟೋ ಇದ್ದರೆ ಅದನ್ನೇ ಇಡಿ. ಪೆಟ್ಟಿಗೆಯ ಮೇಲಿನ ಅವಧಿಯ ಬಗ್ಗೆಯೂ ಒಂದು ಮಾತು: ಸಿನಿಮಾವನ್ನು ಚಿತ್ರೀಕರಿಸುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ, ಪಾಲ್‌ನಲ್ಲಿ ಅದನ್ನು 25ರ ವೇಗದಲ್ಲಿ ಓಡಿಸುವುದು ವಾಡಿಕೆ. ಹಾಗಾಗಿ 150 ನಿಮಿಷದ ಚಿತ್ರ ಪಾಲ್ ಡಿಸ್ಕಿನಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ. ಆರು ನಿಮಿಷದ ದೃಶ್ಯವನ್ನು ಯಾರೂ ಕತ್ತರಿಸಿರುವುದಿಲ್ಲ. ಬ್ಲೂ-ರೇಯಲ್ಲಿ ‘24ಪಿ’ ಎಂದಿದ್ದರೆ ಚಿತ್ರ ಮೂಲ ವೇಗದಲ್ಲಿಯೇ ಇದೆ ಎಂದರ್ಥ.

ಚಿತ್ರದ ಆಕಾರ

‘ಆಸ್ಪೆಕ್ಟ್ ರೇಷಿಯೋ’ ಎಂದರೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ. ಹಳೆಯ ಡಬ್ಬಿ ಟಿವಿ 4:3, ಈಗಿನ ಎಲ್‌ಇಡಿ ಟಿವಿ 16:9, ಸಿನಿಮಾಸ್ಕೋಪ್ ಚಿತ್ರ 2.35:1. ಪರದೆಯ ಆಕಾರಕ್ಕೂ ಚಿತ್ರದ ಆಕಾರಕ್ಕೂ ಹೊಂದಿಕೆಯಾಗದಿದ್ದಾಗ ಎಲ್ಲೋ ಒಂದು ಕಡೆ ಕಪ್ಪು ಪಟ್ಟಿ ಉಳಿಯಲೇಬೇಕು. ಮೇಲೆ ಕೆಳಗೆ ಪಟ್ಟಿ ಬಿಟ್ಟು ಇಡೀ ಚಿತ್ರ ತೋರಿಸುವುದು ‘ಲೆಟರ್‌ಬಾಕ್ಸ್’. ಪಟ್ಟಿ ಬೇಡವೆಂದು ಎರಡು ಪಕ್ಕಗಳನ್ನು ಕತ್ತರಿಸಿ ನಡುಭಾಗವನ್ನೋ ಮುಖ್ಯಭಾಗವನ್ನೋ ಮಾತ್ರ ತೋರಿಸುವುದು ‘ಪ್ಯಾನ್ ಅಂಡ್ ಸ್ಕ್ಯಾನ್’. ಸೆಟಪ್ ಮೆನುವಿನಲ್ಲಿ ‘4:3 ಎಲ್‌ಬಿ’, ‘4:3 ಪಿಎಸ್’, ‘16:9’ ಎಂದು ಕಾಣುವುದು ಇವುಗಳನ್ನೇ. ಅಗಲ ಟಿವಿ ಇರುವವರು ಮೂರನೆಯದನ್ನು ಆರಿಸಬೇಕು; ಮೊದಲೆರಡು ಹಳೆಯ ಟಿವಿಗೆ. ಹಳೆಯ ಟಿವಿಗೆಂದು ಮಾಡಿದ ಆಯ್ಕೆಯನ್ನು ಹೊಸ ಟಿವಿ ಬಂದ ಮೇಲೂ ಹಾಗೆಯೇ ಬಿಟ್ಟಿರುವ ಮನೆಗಳು ಬಹಳ.

ಪೆಟ್ಟಿಗೆಯ ಮೇಲೆ ‘ಅನಾಮಾರ್ಫಿಕ್’ ಅಥವಾ ‘ಎನ್‌ಹಾನ್ಸ್ಡ್ ಫಾರ್ 16:9’ ಎಂದಿದ್ದರೆ ಅಗಲವಾದ ಚಿತ್ರವನ್ನು ಪಕ್ಕದಿಂದ ಒತ್ತಿ ಡಿವಿಡಿಯ ಪೂರ್ತಿ ಗೆರೆಗಳಲ್ಲಿ ಬರೆದಿದ್ದಾರೆ, ತೋರಿಸುವಾಗ ಅದು ಮತ್ತೆ ಅಗಲಗೊಳ್ಳುತ್ತದೆ ಎಂದು ತಿಳಿಯಬೇಕು. ಇದು ಒಳ್ಳೆಯ ಡಿಸ್ಕಿನ ಗುರುತು. ಹಾಗಿಲ್ಲದ ಡಿಸ್ಕಿನಲ್ಲಿ ಕಪ್ಪು ಪಟ್ಟಿಗಳನ್ನೂ ಚಿತ್ರದ ಭಾಗವಾಗಿಯೇ ಬರೆದುಬಿಟ್ಟಿರುತ್ತಾರೆ. ಅಗಲ ಟಿವಿಯಲ್ಲಿ ಅದು ನಾಲ್ಕು ಕಡೆಯೂ ಪಟ್ಟಿಯ ನಡುವೆ ಚಿಕ್ಕದಾಗಿ ಕೂತಿರುತ್ತದೆ. ಆಗ ಟಿವಿಯ ‘ಜೂಮ್’ ಬಳಸಬಹುದು.

ಕಪ್ಪುಬಿಳುಪು ಕಾಲದ ಬಹುಪಾಲು ಚಿತ್ರಗಳ ಆಕಾರ 4:3ಕ್ಕೆ ಹತ್ತಿರವಾದದ್ದು. ಅವನ್ನು ಪರದೆ ತುಂಬ ಎಳೆದು ನೋಡಿದರೆ ನಟರ ಮುಖ ಅಗಲವಾಗಿ, ಕುತ್ತಿಗೆ ಗಿಡ್ಡವಾಗಿ ಕಾಣುತ್ತದೆ. ಛಾಯಾಗ್ರಾಹಕನು ಅಳೆದು ತೂಗಿ ಕಟ್ಟಿದ ಚೌಕಟ್ಟನ್ನು ಹೀಗೆ ಕೆಡಿಸುವುದು ಸರಿಯಲ್ಲ. ಟಿವಿಯ ರಿಮೋಟಿನಲ್ಲಿ ‘ಪಿಕ್ಚರ್ ಸೈಜ್’ ಒತ್ತಿ 4:3 ಆರಿಸಿ, ಎರಡು ಪಕ್ಕದ ಕಪ್ಪು ಪಟ್ಟಿಗಳನ್ನು ಒಪ್ಪಿಕೊಳ್ಳಿ.

ತಂತಿಗಳು

ಹಳದಿ, ಕೆಂಪು, ಬಿಳಿ ತುದಿಗಳ ಕೇಬಲ್ಲಿನಲ್ಲಿ ಹಳದಿಯದು ಚಿತ್ರ, ಉಳಿದೆರಡು ಧ್ವನಿ. ಈ ಹಳದಿ ಸಂಪರ್ಕದ ಹೆಸರು ಕಾಂಪೋಸಿಟ್. ಹಸಿರು, ನೀಲಿ, ಕೆಂಪು ಮೂರೂ ಚಿತ್ರಕ್ಕೇ ಮೀಸಲಾದದ್ದು ಕಾಂಪೊನೆಂಟ್. ಅಲ್ಲಿನ ಕೆಂಪನ್ನು ಧ್ವನಿಯ ಕೆಂಪೆಂದು ತಿಳಿದು ಅದಲುಬದಲು ಮಾಡುವುದು ಸಾಮಾನ್ಯ ತಪ್ಪು. ಎಚ್‌ಡಿಎಂಐ ಒಂದೇ ಕೇಬಲ್ಲಿನಲ್ಲಿ ಚಿತ್ರ, ಧ್ವನಿ ಎರಡನ್ನೂ ಒಯ್ಯುತ್ತದೆ. ಪ್ಲೇಯರ್‌ನಲ್ಲಿ ಅದು ಇದ್ದರೆ ಬೇರೆ ಯಾವುದರ ಯೋಚನೆಯೂ ಬೇಡ.

576ಐ, 576ಪಿ, 1080ಪಿ ಎಂಬಲ್ಲಿನ ‘ಐ’ ಎಂದರೆ ಇಂಟರ್‌ಲೇಸ್ಡ್, ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಬಿಡಿಸುವುದು. ‘ಪಿ’ ಎಂದರೆ ಪ್ರೋಗ್ರೆಸಿವ್, ಎಲ್ಲ ಗೆರೆಗಳನ್ನೂ ಒಂದೇ ಸಲ ಬಿಡಿಸುವುದು. ಹಳದಿ ತಂತಿ ಇಂಟರ್‌ಲೇಸ್ಡ್ ಚಿತ್ರವನ್ನು ಮಾತ್ರ ಒಯ್ಯಬಲ್ಲದು. ರಿಮೋಟಿನಲ್ಲಿ ‘ಪಿ-ಸ್ಕ್ಯಾನ್’ ಅಥವಾ ‘ವಿ-ಮೋಡ್’ ಎಂಬ ಗುಂಡಿಯನ್ನು ಮಕ್ಕಳು ಗೊತ್ತಿಲ್ಲದೆ ಒತ್ತಿದರೆ ಚಿತ್ರ ಮಾಯವಾಗಿ ಧ್ವನಿ ಮಾತ್ರ ಬರಬಹುದು. ಅದೇ ಗುಂಡಿಯನ್ನು ನಿಧಾನವಾಗಿ, ಒಂದೊಂದೇ ಸಲ ಒತ್ತುತ್ತ ಹೋದರೆ ಚಿತ್ರ ಮರಳಿ ಬರುತ್ತದೆ. ‘ಅಪ್‌ಸ್ಕೇಲಿಂಗ್’ ಎಂದು ಪ್ಲೇಯರ್ ಮೇಲೆ ಬರೆದಿದ್ದರೆ ಡಿವಿಡಿಯ 576 ಗೆರೆಗಳನ್ನು ಲೆಕ್ಕಾಚಾರದಿಂದ 1080ಕ್ಕೆ ಹಿಗ್ಗಿಸುತ್ತದೆ ಎಂದಷ್ಟೇ ಅರ್ಥ. ಡಿಸ್ಕಿನಲ್ಲಿ ಇಲ್ಲದ ವಿವರವನ್ನು ಅದು ತಂದುಕೊಡಲಾರದು.

ಧ್ವನಿ

2.0 ಎಂದರೆ ಎಡ ಮತ್ತು ಬಲ ಎರಡು ವಾಹಿನಿಗಳು. 5.1 ಎಂದರೆ ಮುಂದೆ ಮೂರು, ಹಿಂದೆ ಎರಡು, ಜೊತೆಗೆ ಗಡಸು ಸದ್ದಿಗೊಂದು ಸಬ್‌ವೂಫರ್. ಮಾತು ಹೆಚ್ಚಾಗಿ ಬರುವುದು ಮುಂದಿನ ನಡು ಸ್ಪೀಕರಿನಿಂದ. ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಈ ವಾಹಿನಿಗಳನ್ನು ಕುಗ್ಗಿಸಿ ಬರೆಯುವ ಎರಡು ವಿಧಾನಗಳು. ಚಿತ್ರ ಬಂದು ಧ್ವನಿ ಬಾರದಿದ್ದರೆ ಡಿಸ್ಕಿನ ಮೆನುವಿನಲ್ಲಿ ಡಿಟಿಎಸ್ ಆಯ್ಕೆಯಾಗಿದೆಯೇ ನೋಡಿ. ಎಷ್ಟೋ ಟಿವಿಗಳು ಅದನ್ನು ಬಿಡಿಸಿ ಓದಲಾರವು. ಪ್ಲೇಯರ್‌ನ ಧ್ವನಿ ಮೆನುವಿನಲ್ಲಿ ‘ಬಿಟ್‌ಸ್ಟ್ರೀಮ್’ ಎಂದಿದ್ದರೆ ಕುಗ್ಗಿಸಿದ ಧ್ವನಿಯನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ, ‘ಪಿಸಿಎಂ’ ಎಂದಿದ್ದರೆ ತಾನೇ ಬಿಡಿಸಿ ಕೊಡುತ್ತದೆ. ಹೋಮ್ ಥಿಯೇಟರ್ ಇದ್ದವರಿಗೆ ಮೊದಲನೆಯದು, ಬರೀ ಟಿವಿ ಇದ್ದವರಿಗೆ ಎರಡನೆಯದು.

ಹಾಡು ಕಿವಿಗಡಚಿಕ್ಕುವಂತೆ, ಮಾತು ಪಿಸುಗುಟ್ಟುವಂತೆ ಕೇಳಿದರೆ ಮೆನುವಿನಲ್ಲಿ ‘ಡಿಆರ್‌ಸಿ’ ಅಥವಾ ‘ನೈಟ್ ಮೋಡ್’ ಹಾಕಿ. ಅದು ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಏರಿಸುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಬಹಳ ಉಪಕಾರಿ. ರಿಮೋಟಿನ ‘ಆಡಿಯೋ’ ಗುಂಡಿ ಭಾಷೆಯನ್ನೂ ‘ಸಬ್‌ಟೈಟಲ್’ ಗುಂಡಿ ಅಡಿಬರಹವನ್ನೂ ಬದಲಿಸುತ್ತದೆ. ಕನ್ನಡ ಮಾತು ಅರ್ಥವಾಗುವುದು ಕಷ್ಟವಾಗಿರುವ ಹೊರನಾಡಿನ ಮಕ್ಕಳಿಗೆ ಡಿಸ್ಕ್ ಕಳುಹಿಸುವುದಿದ್ದರೆ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆಯೆಂದು ನೋಡಿಯೇ ಕೊಳ್ಳಬೇಕು.

ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆದ ಡಿಸ್ಕುಗಳು

ಅಂಗಡಿಯ ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚಿನಿಂದ ಒತ್ತುತ್ತಾರೆ. ಮದುವೆಯ ಡಿಸ್ಕ್ ಹಾಗಲ್ಲ. ಅದು ಡಿವಿಡಿ-ಆರ್ ಅಥವಾ ಡಿವಿಡಿ+ಆರ್. ಅದರಲ್ಲಿರುವ ಸಾವಯವ ಬಣ್ಣದ ಪದರವನ್ನು ಲೇಸರ್ ಕಾಯಿಸಿ ಗುರುತು ಮೂಡಿಸಿರುತ್ತದೆ. ಈ ಬಣ್ಣ ಬಿಸಿಲು, ಶಾಖ ಮತ್ತು ತೇವಕ್ಕೆ ಕಾಲಕ್ರಮದಲ್ಲಿ ಮಾಸುತ್ತದೆ. ‘ಆರ್‌ಡಬ್ಲ್ಯೂ’ ಎಂದಿದ್ದರೆ ಅಳಿಸಿ ಮತ್ತೆ ಬರೆಯಬಹುದಾದದ್ದು. ಡಿವಿಡಿ ರೆಕಾರ್ಡರಿನಲ್ಲಿ ಬರೆದ ಡಿಸ್ಕನ್ನು ಕೊನೆಗೆ ‘ಫೈನಲೈಸ್’ ಮಾಡದಿದ್ದರೆ ಬರೆದ ಯಂತ್ರದಲ್ಲಿ ಓಡಿದರೂ ಬೇರೆ ಪ್ಲೇಯರ್‌ಗಳಲ್ಲಿ ಓಡದೆ ಹೋಗಬಹುದು. ಆ ಯಂತ್ರ ಇನ್ನೂ ಇದ್ದರೆ ಇಂದೇ ಆ ಕೆಲಸ ಮುಗಿಸಿಕೊಳ್ಳಿ.

ಇಂಥ ಡಿಸ್ಕನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಡುವುದನ್ನು ಮುಂದೂಡಬಾರದು. ಕಂಪ್ಯೂಟರಿನಲ್ಲಿ ಡಿಸ್ಕನ್ನು ತೆರೆದಾಗ ‘ವಿಡಿಯೋ ಟಿಎಸ್’ ಎಂಬ ಹೆಸರಿನ ಫೋಲ್ಡರ್ ಕಾಣುತ್ತದೆ. ಅದರೊಳಗಿನ ‘ವಿಒಬಿ’ ಫೈಲುಗಳಲ್ಲಿ ಚಿತ್ರ ಮತ್ತು ಧ್ವನಿ ಇರುತ್ತದೆ. ಒಂದೊಂದೂ 1 ಗಿಗಾಬೈಟ್ ದಾಟದಂತೆ ತುಂಡು ಮಾಡಿರುವುದರಿಂದ ಒಂದನ್ನೇ ಎತ್ತಿಕೊಂಡರೆ ಮುಹೂರ್ತ ಬಂದು ಆರತಕ್ಷತೆ ಉಳಿದುಬಿಡಬಹುದು. ಇಡೀ ಫೋಲ್ಡರನ್ನು ಹೆಸರು ಬದಲಿಸದೆ ನಕಲು ಮಾಡಿ, ವಿಎಲ್‌ಸಿ ತಂತ್ರಾಂಶದಲ್ಲಿ ‘ಓಪನ್ ಫೋಲ್ಡರ್’ ಮೂಲಕ ತೆರೆದರೆ ಮೆನುವಿನ ಸಮೇತ ಓಡುತ್ತದೆ. ವಿಸಿಡಿಯಾದರೆ ‘ಎಂಪೆಗ್ಎವಿ’ ಫೋಲ್ಡರಿನೊಳಗಿನ ‘ಡಿಎಟಿ’ ಫೈಲನ್ನು ಅದೇ ತಂತ್ರಾಂಶದಲ್ಲಿ ತೆರೆಯಬೇಕು. ನಕಲು ಮುಗಿದ ಮೇಲೆ ಶುರುವಿನ ಎರಡು ನಿಮಿಷ ನೋಡಿ ಬಿಡದೆ, ನಡುವೆಯೂ ಕೊನೆಯಲ್ಲೂ ಓಡಿಸಿ ನೋಡಿ, ಆಮೇಲೆ ಡಿಸ್ಕನ್ನು ಬಿಸಿಲು ತಾಗದ ಕಡೆ, ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ ಇಡಿ.